ನಡುವಿನ ಚುಕ್ಕಿ

ಏಪ್ರಿಲ್‌ನಲ್ಲಿ ಮೈಸೂರು ಮಧ್ಯಾಹ್ನಕ್ಕೆ ಮೂವತ್ತೈದು ಮುಟ್ಟುತ್ತದೆ;
ನಮ್ಮ ದ್ರವ ಸ್ಫಟಿಕವೂ ಅಲ್ಲಿಗೇ ಸೋಲುತ್ತದೆ,
ಸಾಲು ಮರೆತು, ಬರಿಯ ಎಣ್ಣೆಯಾಗಿ
ಎರಡು ಗಾಜಿನ ನಡುವೆ ಸುಮ್ಮನಾಗುತ್ತದೆ.
ಅದಕ್ಕೇ ನಾವು ಬೆಳಗಿನ ಆರಕ್ಕೆ ಬರುವುದು:
ನಫೀಸಾ ಮಂಡಿ ಮೊಹಲ್ಲಾದಿಂದ, ನಾನು ಹಾಸ್ಟೆಲಿನಿಂದ,
ಬೀಗದ ಕೈ ಹಿಡಿದ ಜವರಪ್ಪ ಎಲ್ಲಿಂದಲೋ,
ಬೈದುಕೊಳ್ಳುತ್ತ.

ಮೇಜು ಅಂದರೆ, ಟ್ರ್ಯಾಕ್ಟರಿನ ಎರಡು ಟ್ಯೂಬು, ಅರ್ಧ ಗಾಳಿ,
ಮೇಲೆ ಯಾರದೋ ಅಡುಗೆಮನೆಗೆ ಬೇಡವಾದ ಕಡಪ ಕಲ್ಲು.
ಆದರೂ ರಸ್ತೆಯಲ್ಲಿ ಬಸ್ಸು ಹೋದರೆ
ಗೋಡೆಯ ಮೇಲಿನ ಹಸಿರು ಬೆಳಕು ಬೆಚ್ಚುತ್ತದೆ.
‘ಬಸ್ಸು ಹೋದ ಮೇಲೆ ಎಣಿಸಿ’ ಎನ್ನುತ್ತಾರೆ ಇಂದುಮತಿ ಮೇಡಂ.
ಎಲ್ಲ ಬಸ್ಸೂ ಹೋದ ಮೇಲೆ, ಅಂದರೆ ಯಾವಾಗ?

ಶಿವರಾಂಪೇಟೆಯ ದರ್ಜಿಯನ್ನು ಕೇಳಿ ತಂದ
ಮಖಮಲ್ ಚೂರು. ರವಿಕೆ ತೋಳಿನದು.
ಗಾಜಿಗೆ ಬಳಿದ ಪದರವನ್ನು ಅದರಿಂದ ಸವರಬೇಕು,
ಒಂದೇ ಕಡೆಗೆ, ಇಪ್ಪತ್ತು ಸಲ, ಮರೆತೂ ಹಿಂದಕ್ಕಲ್ಲ.
ಕಣ್ಣಿಗೆ ಕಾಣದ ಗೀರು. ಅಣುಗಳಿಗೆ ಅದೇ ಸಾಕು,
ಗಾಳಿಗೆ ಬಗ್ಗಿದ ಪೈರಿನ ಹಾಗೆ
ಒಂದೇ ದಿಕ್ಕಿಗೆ ತಲೆಹಾಕಿ ಮಲಗುತ್ತವೆ.
ಮಲಗಿಕೊಂಡೇ ಹರಿಯುತ್ತವೆ. ಇದು ನನಗಿನ್ನೂ ಅರ್ಥವಾಗಿಲ್ಲ.
ಪರೀಕ್ಷೆಯಲ್ಲಿ ಅರ್ಥವಾದವಳ ಹಾಗೆ ಬರೆದಿದ್ದೇನೆ.

ಜ್ವರವಿದ್ದ ದಿನ ಬೆರಳು ತಾಕಿಸಿಬಿಟ್ಟೆ.
ಒಂದಕ್ಕೊಂದು ಅಡ್ಡ ನಿಲ್ಲಿಸಿದ ಪೋಲರಾಯ್ಡುಗಳ ನಡುವೆ
ತಿಳಿ ಹಳದಿ ಹೊಳೆಯುತ್ತಿದ್ದದ್ದು
ಬೆರಳಿನಷ್ಟಗಲ ಕತ್ತಲಾಯಿತು.
‘ಮನೆಗೆ ಹೋಗೇ’ ಅಂದಳು ನಫೀಸಾ,
‘ಇದು ಗ್ರಾಮಿಗೆ ಎಷ್ಟು ಗೊತ್ತಾ?
ಇಷ್ಟು ದುಬಾರಿ ಥರ್ಮಾಮೀಟರು ಅರಮನೆಯಲ್ಲೂ ಇರಲಿಲ್ಲ.’

ಕೆಂಪು ಬಣ್ಣ ಚಿಟಿಕೆ ಬೆರೆಸಿದೆವು, ಲೇಸರ್ ಹಚ್ಚಿದೆವು.
ಶಕ್ತಿ ಸಣ್ಣಗಿದ್ದಾಗ ಏನೂ ಇಲ್ಲ:
ಒಂದು ಚುಕ್ಕಿ ಒಳಗೆ, ಅದೇ ಚುಕ್ಕಿ ಹೊರಗೆ.
ಗುಂಡಿಯನ್ನು ಕೂದಲಷ್ಟು ತಿರುಗಿಸಿ, ಇನ್ನೂ ಕೂದಲಷ್ಟು,
ಯಾವುದೋ ಒಂದು ಗಳಿಗೆಯಲ್ಲಿ
ಹೆಸರು ಹಿಡಿದು ಕರೆದಂತೆ ಅವು ತಲೆ ಎತ್ತುತ್ತವೆ,
ಎಬ್ಬಿಸಿದ ಬೆಳಕಿನ ದಾರಿಯನ್ನೇ ಬಾಗಿಸುತ್ತವೆ.
ಗೋಡೆಯ ಮೇಲೆ ಬಳೆಯೊಳಗೆ ಬಳೆ ಬಿಚ್ಚಿಕೊಳ್ಳುತ್ತದೆ.
ಏಳು, ಅಂದೆ ನಾನು.
ಎಂಟು, ಅಂದಳು ನಫೀಸಾ.
ಮೂರು ವಾರ ಏಳು, ಎಂಟು.

ಅಪ್ಪ ಮಂಡ್ಯದಿಂದ ಹಾಸ್ಟೆಲ್ ಫೀಸು ಕೊಡಲು ಬಂದಿದ್ದ.
ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷ
ಕಬ್ಬಿನ ಹಾಲನ್ನು ಸೋಸಿ, ಉದ್ದ ಕೊಳವೆಗೆ ತುಂಬಿ
ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡಿದವನು.
ಬೇಡವೆಂದರೂ ಚಪ್ಪಲಿ ಹೊರಗೆ ಬಿಟ್ಟ.
ಪೋಲರಾಯ್ಡ್ ನೋಡಿ, ನೆಂಟರು ಸಿಕ್ಕ ಹಾಗೆ,
‘ಇದು ನಮ್ದೇ ಕಣವ್ವ! ಸಕ್ಕರೇನೂ ಬೆಳಕ ತಿರುಗಿಸ್ತದೆ.
ಎರಡು ಅರೆ ಒಂದೇ ಸಮ ಕಾಣೋಗಂಟ ತಿರುಗಿಸ್ಬೇಕು,
ಕಂಡೇಟ್ಗೆ ಬರ್ಕೊಬೇಕು. ಅದ್ರ ಮ್ಯಾಲೇನೇ
ಎಷ್ಟು ಸಿಹಿ ಅಂತ ತೀರ್ಮಾನ.’
ಅಪ್ಪನ ಕೆಲಸವೇನೆಂದು ಯಾರು ಕೇಳಿದರೂ
‘ಸಕ್ಕರೆ’ ಎಂದಷ್ಟೇ ಹೇಳುತ್ತಿದ್ದೆ ನಾನು.

ಗೋಡೆಯ ಮುಂದೆ ಬಹಳ ಹೊತ್ತು ನಿಂತ.
ಅಭ್ಯಾಸಬಲ, ಒಂದು ಕಣ್ಣು ಮುಚ್ಚಿದ.
ಬೆರಳಲ್ಲಿ ಎಣಿಸಿದ, ಮತ್ತೆ ಎಣಿಸಿದ.
‘ನಡುವ್ಲ ಚುಕ್ಕಿ ಲೆಕ್ಕಕ್ಕೆ ಸೇರ್ಸ್ಬೇಕಾ, ಬ್ಯಾಡ್ವಾ?’

ನಫೀಸಾ ನನ್ನನ್ನು ನೋಡಿದಳು, ನಾನು ಮೇಡಮ್ಮನ್ನು.
ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರು.
ಹೊರಗೆ ಬಸ್ಸು ಬಂತು. ಬಳೆಗಳೆಲ್ಲ ನಡುಗಿದವು,
ಚುಕ್ಕಿಯೂ.
ಗಂಟೆ ಒಂಬತ್ತೂವರೆ, ಮೂವತ್ತೊಂದು ಡಿಗ್ರಿ;
ಇನ್ನೊಮ್ಮೆ ಎಣಿಸಲು ಹೊತ್ತಿತ್ತು.